ಅಕ್ಕಿಕಾಳಿನಷ್ಟು ನೂಲು

ಹೋದ ತಿಂಗಳು ಪುತ್ತೂರಿನಿಂದ ಕಡಬಕ್ಕೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಕೂತ ಹೆಂಗಸು ಎಲೆಚಂಚಿ ಬಿಚ್ಚಿದಳು. ಹೊಗೆಸೊಪ್ಪಿನ ಘಾಟು ಮೂಗಿಗೆ ಹೊಡೆದದ್ದೇ ನಾನು ಅತ್ತ ತಿರುಗಿದೆ. ಅವಳು ನನ್ನ ನೋಟವನ್ನು ಆಸೆ ಎಂದು ತಿಳಿದಿರಬೇಕು, "ಬೇಕಾ ಅಜ್ಜಿ?" ಎಂದು ಚಂಚಿಯನ್ನು ಮುಂದೆ ಮಾಡಿದಳು. ಬೇಡ ಎಂದೆ. ನಿಜಕ್ಕೂ ಕೇಳಬೇಕೆನಿಸಿದ್ದು ಬೇರೆ: ಒಮ್ಮೆ ಬಾಯಿ ತೆರೆ ಮಗಾ, ಕೆನ್ನೆಯ ಒಳಗೆ ನೋಡುತ್ತೇನೆ ಎಂದು. ಗುರುತು ಪರಿಚಯ ಇಲ್ಲದವಳಿಗೆ ಹಾಗೆ ಹೇಳಿದರೆ ಮುದುಕಿಗೆ ತಲೆ ಕೆಟ್ಟಿದೆ ಅಂದಾಳು. ಕಡಬದಲ್ಲಿ ಇಳಿಯುವಷ್ಟರಲ್ಲಿ ಆ ಒಂದು ಮಳೆಗಾಲ ಪೂರ್ತಿ ಎದುರು ಬಂದು ನಿಂತಿತ್ತು.

ನಾನು ಕಡಬದ ಡಿಸ್ಪೆನ್ಸರಿಯಲ್ಲಿ ನರ್ಸಾಗಿದ್ದದ್ದು ಅರವತ್ತರ ದಶಕ ಶುರುವಾದ ಹೊಸತರಲ್ಲಿ. ನಮ್ಮ ಜಿಲ್ಲೆ ಮದ್ರಾಸು ಬಿಟ್ಟು ಮೈಸೂರಿಗೆ ಸೇರಿ ಕೆಲವೇ ವರ್ಷಗಳಾಗಿದ್ದವು. ನಮ್ಮ ಅರ್ಧ ಫಾರಮುಗಳಲ್ಲಿ ಇನ್ನೂ ಮದ್ರಾಸಿನ ಹೆಸರೇ ಇತ್ತು. ನನಗೆ ಇಪ್ಪತ್ತನಾಲ್ಕು. ಹುಟ್ಟಿದ್ದು ನರಿಮೊಗರಿನಲ್ಲಿ. ತಾಯಿ ತೀರಿಕೊಂಡ ಮೇಲೆ ನನ್ನನ್ನು ಸಾಕಿದ್ದು ಕಡಬದ ಹೊಳೆಯಾಚೆಯ ದೊಡ್ಡಮ್ಮ. ಗಂಡ ಮಕ್ಕಳು ಇಲ್ಲದವಳು, ಊರವರು ಏನೆಂದರೂ ಕಿವಿಗೆ ಹಾಕಿಕೊಳ್ಳದೆ ನನ್ನನ್ನು ಮಂಗಳೂರಿಗೆ ಕಳಿಸಿ ನರ್ಸಿಂಗ್ ಓದಿಸಿದಳು. ಪ್ರತಿ ಭಾನುವಾರ ನಾನು ದೋಣಿಯಲ್ಲಿ ಹೊಳೆ ದಾಟಿ ಅವಳ ಮನೆಗೆ ಹೋಗಿ ಗಂಜಿ ಊಟ ಮಾಡಿ ಬರುತ್ತಿದ್ದೆ. ನಾವಿಬ್ಬರೂ ಮಾತಾಡುತ್ತಿದ್ದದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನನ್ನ ಸ್ವಭಾವವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನಗೆ ಯಾರ ಮೇಲೂ ಸುಲಭದಲ್ಲಿ ನಂಬಿಕೆ ಹುಟ್ಟುವುದಿಲ್ಲ. ಯಾರಾದರೂ ಹೊಗಳಿದರೆ ಇವರಿಗೆ ನನ್ನಿಂದ ಏನಾಗಬೇಕಾಗಿದೆ ಎಂದು ಯೋಚಿಸುತ್ತೇನೆ. ಬೈದರೆ, ಯಾರು ಹೇಳಿಕೊಟ್ಟದ್ದು ಎಂದು ಯೋಚಿಸುತ್ತೇನೆ. ಇದು ದೊಡ್ಡಮ್ಮನಿಂದಲೇ ಬಂದ ಗುಣ. ಮನೆಯ ಮಾಡಿಗೆ ಹುಲ್ಲು ಹೊದೆಸಲು ಬಂದವನು ನಗುತ್ತಾ ಮಾತಾಡಿದರೂ, ಅವನು ಹೋದ ಮೇಲೆ ಮಾಡಿಗೆ ನೀರು ಹೊಯ್ದು ನೋಡುವವಳು ಅವಳು.

ಆ ವರ್ಷ ಮಳೆ ಶುರುವಾಗುವ ಮೊದಲು ಕಡಬಕ್ಕೆ ಒಬ್ಬ ಸರ್ಜನ್ ಬಂದರು. ಅವರಿಗೆ ಒಳ್ಳೆಯ ಹೆಸರೇ ಇತ್ತು, ಊರು ಮಾತ್ರ ಅವರನ್ನು ಕೊನೆಯವರೆಗೂ ನೂಲಿನ ಡಾಕ್ಟ್ರು ಎಂದೇ ಕರೆಯಿತು. ಐವತ್ತೈದರ ಆಸುಪಾಸು, ಎತ್ತರದ ಆಳು. ಹುಟ್ಟಿದ್ದು ಪುತ್ತೂರಿನಲ್ಲಂತೆ, ಬೆಳೆದದ್ದೆಲ್ಲ ಮದ್ರಾಸು, ಕನ್ನಡ ಬರುತ್ತಿತ್ತು, ತುಳು ಒಂದಕ್ಷರ ಬಾರದು. ಡಿಸ್ಪೆನ್ಸರಿಯ ಹಿಂದಿನ ಕೋಣೆಯನ್ನು ಅವರಿಗೆ ಬಿಟ್ಟುಕೊಡಬೇಕು, ನರ್ಸು ಅವರಿಗೆ ನೆರವಾಗಬೇಕು ಎಂದು ಮೇಲಿನಿಂದ ಕಾಗದ ಬಂದಿತ್ತು. ಅವರು ತಂದದ್ದು ಒಂದು ತಗಡಿನ ಟ್ರಂಕು, ದಪ್ಪ ರಟ್ಟಿನ ಪುಸ್ತಕಗಳು, ಹತ್ತಾರು ಬಿಳಿ ನೂಲಿನ ಉಂಡೆಗಳು. ಆಪರೇಷನ್ ಮಾಡುವ ಸಾಮಾನು ಒಂದೂ ಇರಲಿಲ್ಲ.

ಕೆಲಸ ಹೀಗೆ: ಎಲೆ ಅಡಿಕೆ ಹೊಗೆಸೊಪ್ಪು ಜಗಿಯುವವರ ಬಾಯಿ ನೋಡುವುದು. ಕೆನ್ನೆಯ ಒಳಗೆ ಹುಣ್ಣೋ ಗಂಟೋ ಇದ್ದರೆ ಮೊದಲು ಕೈ ಹಿಡಿದು ನಾಡಿ ಎಣಿಸುವುದು. ಆಮೇಲೆ ಸ್ಪಿರಿಟ್ಟಿನಲ್ಲಿ ಅದ್ದಿದ ನೂಲನ್ನು ಚಿಮಟದಿಂದ ಹುಣ್ಣಿನ ಮೇಲೆ ಈ ಅಂಚಿನಿಂದ ಆ ಅಂಚಿಗೆ ಇಟ್ಟು, ಅಷ್ಟಕ್ಕೆ ಕತ್ತರಿಸಿ, ಪುಸ್ತಕದಲ್ಲಿ ಮೈದಾ ಅಂಟಿನಿಂದ ಅಂಟಿಸುವುದು. ಹದಿನೈದು ದಿನ ಬಿಟ್ಟು ಮತ್ತೆ ಹಾಗೆಯೇ, ಹಿಂದಿನ ನೂಲಿನ ಪಕ್ಕದಲ್ಲಿ. ಔಷಧ ಎಂದರೆ ಬಾಯಿ ಮುಕ್ಕಳಿಸುವ ನೀರು, ಹೊಗೆಸೊಪ್ಪು ಬಿಡಿ ಎಂಬ ಮಾತು, ಅಷ್ಟೇ.

ಪೇಟೆಯಲ್ಲಿ ಹೊಗೆಸೊಪ್ಪು ಮಾರುತ್ತಿದ್ದ ಅದ್ರಾಮ ಬ್ಯಾರಿ ನನ್ನನ್ನು ಅಂಗಡಿಯ ಎದುರೇ ನಿಲ್ಲಿಸಿ ಕೇಳಿದರು: "ಎಂತ ನರ್ಸಮ್ಮ, ನಿಮ್ಮ ಸರ್ಜನರ ಹತ್ರ ಕತ್ತಿಯೇ ಇಲ್ಲವಂತೆ? ಮದ್ರಾಸಿನಂಥಾ ಊರು ಬಿಟ್ಟು ಈ ಕಡಬಕ್ಕೆ ಯಾಕೆ ಬಂದದ್ದು ಅಂತ ಕೇಳಿದ್ದೀರಾ?"

"ಕಾಗದದಲ್ಲಿ ರಿಸರ್ಚ್ ಅಂತ ಉಂಟು."

"ಕಾಗದದಲ್ಲಿ ಎಂತ ಬೇಕಾದ್ರೂ ಇರ್ತದೆ ಮಾರಾಯ್ರೆ. ಅಲ್ಲಿ ಎಂತಾದ್ರೂ ಮಾಡಿ ಬಂದದ್ದಾ, ಇಲ್ಲಿ ಎಂತಾದ್ರೂ ಮಾಡ್ಲಿಕ್ಕೆ ಬಂದದ್ದಾ, ಅದನ್ನು ನೋಡಿ."

ಅವರ ವ್ಯಾಪಾರಕ್ಕೆ ಕಲ್ಲು ಬೀಳುವ ಹೆದರಿಕೆ ಅವರದು ಎಂದು ನನಗೆ ಗೊತ್ತಿತ್ತು. ಆದರೂ ಆ ಪ್ರಶ್ನೆ ನನ್ನದೂ ಆಗಿತ್ತು.

ಹೋದ ಮನೆಯಲ್ಲೆಲ್ಲ ಡಾಕ್ಟರು ಬೆಲ್ಲ ನೀರು ಕುಡಿಯುತ್ತಿದ್ದರು, ಎಲೆ ಅಡಿಕೆಯ ತಟ್ಟೆ ಬಂದರೆ ಕೈ ಅಡ್ಡ ಹಿಡಿಯುತ್ತಿದ್ದರು. ನಮ್ಮಲ್ಲಿ ಅದು ಸಣ್ಣ ಮಾತಲ್ಲ. ಜಗಿಯದವರೂ ಒಂದು ಎಲೆ ಮುಟ್ಟಿ ಮರ್ಯಾದೆ ಉಳಿಸುತ್ತಾರೆ. ಅವರು ಅದನ್ನೂ ಮಾಡಲಿಲ್ಲ. ಇದರ ಮೇಲೆ ಇನ್ನೊಂದು ಸುದ್ದಿ ಹಬ್ಬಿತು: ಈ ಮನುಷ್ಯ ಮದ್ರಾಸಿನಲ್ಲಿ ನಾಯಿಗಳ ಎದೆ ಸೀಳಿ ಹೃದಯ ಬಡಿಯುವುದನ್ನು ನೋಡುತ್ತಾ ಕೂರುತ್ತಿದ್ದನಂತೆ ಎಂದು. ನಾನು ಅವರನ್ನೇ ಕೇಳಿದೆ. ಸುಳ್ಳೆಂದು ಹೇಳಲಿ ಎಂದು ಕಾದೆ.

"ನಿಜ ಸಿಸ್ಟರ್," ಎಂದರು ಅವರು. "ಹದಿನೆಂಟು ವರ್ಷ. ಒಂದು ಬಡಿತಕ್ಕೆ ಹೃದಯ ಎಷ್ಟು ರಕ್ತ ನೂಕುತ್ತದೆ, ದಣಿದಾಗ ಎಷ್ಟು, ಹೆದರಿದಾಗ ಎಷ್ಟು ಎಂದು ಅಳೆದೆ. ಆ ಕೆಲಸದಲ್ಲೇ ಒಂದು ಸಂಶಯ ತಲೆಗೆ ಹೊಕ್ಕಿತು. ಬಾಯಿಗೆ, ಹೊಟ್ಟೆಗೆ, ಮೂಳೆಗೆ ಎಲ್ಲ ಬರುವ ಕ್ಯಾನ್ಸರ್ ಹೃದಯಕ್ಕೆ ಮಾತ್ರ ಬರುವುದೇ ಅಪರೂಪ. ಯಾಕೆ? ಅದರ ಹಿಂದೆ ಹೋದೆ. ಕ್ಯಾನ್ಸರ್ ಬೆಳೆಯುವ ವೇಗ ಗೊತ್ತಾಗದೆ ಅದಕ್ಕೆ ಉತ್ತರ ಸಿಗುವುದಿಲ್ಲ. ಆಸ್ಪತ್ರೆಗೆ ಬರುವವರು ಕೊನೆಯಲ್ಲಿ ಬರುತ್ತಾರೆ. ಶುರುವಿನಲ್ಲಿ ನೋಡಬೇಕಾದರೆ ಜಗಿಯುವವರ ಊರಿಗೇ ಬರಬೇಕು."

ಆ ಮಾತು ಸರಿಯಾಗಿಯೇ ಇತ್ತು. ಅದಕ್ಕೇ ನನಗೆ ಇನ್ನಷ್ಟು ಸಂಶಯ ಬಂತು. ನೋಡಬೇಕು ಎಂದರು, ಗುಣ ಮಾಡಬೇಕು ಎನ್ನಲಿಲ್ಲ.

ಹೊಳೆಯಾಚೆ ಏಳು ಮಂದಿಯ ಬಾಯಲ್ಲಿ ಹುಣ್ಣು ಸಿಕ್ಕಿತು. ಅವರಲ್ಲಿ ದೋಣಿ ನಡೆಸುವ ದೇರಣ್ಣ ಒಬ್ಬ. ಆರನೆಯ ನಂಬರಿನವಳು ನನ್ನ ದೊಡ್ಡಮ್ಮ. ಅವಳ ಬಲಗೆನ್ನೆಯ ಒಳಗೆ ಸುಣ್ಣ ತಾಗಿ ಸುಟ್ಟದ್ದು ಎಂದು ಅವಳೇ ಹೇಳಿಕೊಳ್ಳುತ್ತಿದ್ದ ಸಣ್ಣ ಹುಣ್ಣು. ಡಾಕ್ಟರು ನೂಲು ಇಟ್ಟು ಅಳೆಯುವಾಗ ಅವಳು ಬಾಯಿ ತೆರೆದೇ ಕೂತಿದ್ದಳು. ಅವರು ಅಂಗಳ ಇಳಿದದ್ದೇ ನನ್ನ ಕೈ ಹಿಡಿದು ಒಳಗೆ ಕರೆದಳು.

"ಜೀವ ಇರುವವರ ಅಳತೆ ಪೂರ್ತಿ ಪರರ ಕೈಗೆ ಕೊಡ್ಲಿಕ್ಕಿಲ್ಲ ಅಂತ ನಿನಗೆ ಗೊತ್ತಿಲ್ವಾ? ಪೂರ್ತಿ ಅಳೆಯುದು ಸತ್ತವರನ್ನು ಮಾತ್ರ. ಅವರು ಆ ನೂಲು ಎಲ್ಲಿ ಇಡುದು?"

"ಪುಸ್ತಕದಲ್ಲಿ ಅಂಟಿಸುದು. ಟ್ರಂಕಿನಲ್ಲಿ ಬೀಗ ಹಾಕುದು."

"ಬೀಗ ಯಾಕೆ?" ಎಂದಳು ದೊಡ್ಡಮ್ಮ.

ಅಂಥ ನಂಬಿಕೆಗಳನ್ನು ನಾನು ಮಂಗಳೂರಿನಲ್ಲಿ ಬಿಟ್ಟುಬಂದಿದ್ದೆ ಎಂದುಕೊಂಡಿದ್ದೆ. ಆದರೆ ಬೀಗದ ಪ್ರಶ್ನೆ ಮನಸ್ಸಿನಲ್ಲೇ ಉಳಿಯಿತು. ಎರಡನೆಯ ಅಳತೆಯೂ ಮುಗಿದ ಮೇಲೆ ಒಂದು ದಿನ ಡಾಕ್ಟರು ಸ್ನಾನಕ್ಕೆ ಹೋದಾಗ ಮೇಜಿನ ಮೇಲಿದ್ದ ಪುಸ್ತಕವನ್ನು ತೆರೆದೆ. ಆರನೆಯ ನಂಬರಿನ ಪುಟದಲ್ಲಿ ಎರಡು ನೂಲುಗಳು, ವಯಸ್ಸು, ನಾಡಿ, ಎಷ್ಟು ವರ್ಷದಿಂದ ಜಗಿಯುತ್ತಾಳೆ ಎಂಬುದು. ಪುಟದ ಬಲತುದಿಗೆ ಎರಡು ಖಾಲಿ ಮನೆಗಳು. ಒಂದರ ಮೇಲೆ ಏನೂ ಬರೆದಿರಲಿಲ್ಲ. ಕೊನೆಯದರ ಮೇಲೆ ಇಂಗ್ಲಿಷಿನಲ್ಲಿ, ಮರಣದ ತಾರೀಕು. ಎಲ್ಲರ ಪುಟದಲ್ಲೂ ಹಾಗೆಯೇ ಗೆರೆ ಎಳೆದು ತಯಾರಾಗಿತ್ತು.

ಈ ಮನುಷ್ಯ ದೊಡ್ಡಮ್ಮ ಸಾಯುವುದನ್ನು ಕಾಯಲು ಬಂದವನು ಎಂದು ಅವತ್ತೇ ತೀರ್ಮಾನ ಮಾಡಿಬಿಟ್ಟೆ. ಭಾನುವಾರ ಹೋಗಿ ಅವಳಿಗೂ ಹೇಳಿದೆ. "ಅವರನ್ನು ನಂಬುದು ಬೇಡ ದೊಡ್ಡಮ್ಮ. ಮಳೆ ನಿಂತ ಮೇಲೆ ನಾನೇ ನಿನ್ನನ್ನು ಮಂಗಳೂರಿಗೆ ಕರೆದುಕೊಂಡು ಹೋಗಿ ನನಗೆ ಗೊತ್ತಿದ್ದವರಿಗೆ ತೋರಿಸ್ತೇನೆ." ಆ ಮಾತನ್ನು ಎಷ್ಟು ಗಟ್ಟಿಯಾಗಿ ಹೇಳಿದೆನೋ ಅಷ್ಟೇ ಗಟ್ಟಿಯಾಗಿ ಅವಳ ಮನಸ್ಸಿನಲ್ಲಿ ಕೂತಿತು.

ಆಟಿ ತಿಂಗಳು ಬಂತು, ಆಷಾಢದ ಜೋರು ಮಳೆ. ಹೊಳೆ ತುಂಬಿ ಕೆಂಪಾಯಿತು. ಡಾಕ್ಟರಿಗೆ ಉಬ್ಬಸ, ಆಚೆ ದಡದ ಏರು ಅವರಿಂದಾಗದು. "ಸಿಸ್ಟರ್, ಆಚೆಯ ಏಳು ನೂಲು ನೀವೇ ತನ್ನಿ. ನಿಮ್ಮ ಕೈ ನನ್ನದಕ್ಕಿಂತ ಸೂಕ್ಷ್ಮ" ಎಂದರು. ಹೊಗಳಿದರಲ್ಲ ಎಂದು ಮತ್ತೆ ಅನುಮಾನಪಟ್ಟೆ.

ಮೊದಲ ಸಲ ಏಳೂ ನೂಲು ತೆಗೆದು ದೊಡ್ಡಮ್ಮನ ಮನೆಯ ಚಾವಡಿಯಲ್ಲಿ ಕೂತಾಗ ಅವಳು, "ಕೊಡುದೇ ಆದ್ರೆ ಒಂದು ಅಕ್ಕಿಕಾಳಿನಷ್ಟು ಬಿಟ್ಟು ಕೊಡು, ಎಲ್ಲರದ್ದೂ" ಎಂದಳು. ನಾನು ನಕ್ಕೆ. ನಗುತ್ತಲೇ ಕತ್ತರಿ ಹಾಕಿದೆ. ಅದರಿಂದ ಡಾಕ್ಟರ ಲೆಕ್ಕ ಕೆಡುವುದೇನಾದರೂ ಇದ್ದರೆ ಕೆಡಲಿ ಎಂಬ ಹಟವೂ ಇತ್ತು.

ಎರಡನೆಯ ಸಲ ದೇರಣ್ಣನ ನೂಲು ಅಕ್ಕಿಕಾಳಿನಷ್ಟು ಕತ್ತರಿಸಿದರೂ ಉದ್ದವೇ ಉಳಿಯಿತು. ಡಾಕ್ಟರು ಅದನ್ನು ಹಿಂದಿನದರ ಪಕ್ಕದಲ್ಲಿಟ್ಟು ಬಹಳ ಹೊತ್ತು ನೋಡಿದರು. ಮರುದಿನವೇ ಚೀಟಿ ಬರೆದು ಅವನನ್ನು ಮಂಗಳೂರಿನ ಆಸ್ಪತ್ರೆಗೆ ಕಳಿಸಿದರು. ವಾರದಲ್ಲಿ ಸುದ್ದಿ ಬಂತು, ಅವನ ಅರ್ಧ ದವಡೆ ತೆಗೆದರಂತೆ. ಇನ್ನೊಂದು ವಾರದಲ್ಲಿ ಪೇಟೆಯವರ ಮಾತಿನಲ್ಲಿ ಅವನು ಸತ್ತೇಹೋದ. "ನಾನು ಹೇಳ್ಲಿಲ್ವಾ ನರ್ಸಮ್ಮ," ಎಂದರು ಅದ್ರಾಮ ಬ್ಯಾರಿ. "ಕತ್ತಿ ಇಲ್ಲಿ ಇಲ್ಲ, ಮಂಗಳೂರಿನಲ್ಲಿ ಉಂಟು." ದೋಣಿಯಲ್ಲಿ ಈಗ ದೇರಣ್ಣನ ತಮ್ಮ ಹುಟ್ಟು ಹಾಕುತ್ತಿದ್ದ. ನಾನು ಕೇಳಿದರೆ ಅವನು ಮುಖ ತಿರುಗಿಸಿಕೊಳ್ಳುತ್ತಿದ್ದ.

ಈಗ ನನಗೆ ಒಂದು ಅರ್ಥವಾಯಿತು: ನೂಲು ಉದ್ದವಾದರೆ ಕತ್ತಿಗೆ. ದೊಡ್ಡಮ್ಮನನ್ನು ಆ ಕತ್ತಿಗೆ ಕೊಡುವುದಿಲ್ಲ ಎಂದುಕೊಂಡೆ. ಮೂರನೆಯ ಸಲ ಅವಳ ನೂಲು ಹಿಂದಿನದಕ್ಕಿಂತ ಗಿಡ್ಡ ಕಾಣಲು ಎರಡು ಕಾಳಿನಷ್ಟು ತೆಗೆಯಬೇಕಾಯಿತು. ನಾಲ್ಕನೆಯ ಸಲ ನಾಲ್ಕು. ತೆಗೆದ ತುಂಡುಗಳನ್ನು ಒಲೆಗೆ ಹಾಕುವಾಗ ಅವು ಪ್ರತಿಸಲವೂ ಉದ್ದವಾಗುತ್ತಿದ್ದದ್ದು ನನ್ನ ಕಣ್ಣಿಗೆ ಬೀಳಲಿಲ್ಲ ಎಂದರೆ ಅದು ಸುಳ್ಳು. ನಾನು ನರ್ಸು. ಬಿದ್ದಿತ್ತು. ಮಳೆಗೆ ನೂಲು ಹಿಗ್ಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಇನ್ನು ಸ್ವಲ್ಪ ದಿನ, ಚೌತಿ ಕಳೆದರೆ ನಾನೇ ಕರೆದೊಯ್ಯುತ್ತೇನಲ್ಲ ಎಂದುಕೊಂಡೆ. ಡಾಕ್ಟರು ಆ ನೂಲು ನೋಡಿ, "ನಿಮ್ಮ ದೊಡ್ಡಮ್ಮ ಹೊಗೆಸೊಪ್ಪು ಬಿಟ್ಟಿದ್ದಾರೆ, ಅಲ್ಲವೇ? ಕುಗ್ಗುತ್ತಾ ಇದೆ" ಎಂದು ಸಂತೋಷಪಟ್ಟು ನನಗೆ ಚಹಾ ಮಾಡಿಕೊಟ್ಟರು, ಎರಡು ಬಿಸ್ಕೂಟು ಕೊಟ್ಟರು. ಗೆದ್ದೆ ಎಂದುಕೊಂಡು ತಿಂದೆ.

ಚೌತಿ ಕಳೆದು ನಾಲ್ಕು ದಿನಕ್ಕೆ ಹೊಳೆ ಇಳಿಯಿತು. ನಾನು ರಜೆ ಕೇಳುವ ಮೊದಲೇ ಡಾಕ್ಟರು ಆಚೆಗೆ ಹೊರಟರು. ಕಡವಿನಲ್ಲಿ ದೋಣಿಯ ತಲೆಗೆ ನಿಂತಿದ್ದವನು ದೇರಣ್ಣ. ಒಂದು ಕೆನ್ನೆ ಒಳಗೆ ಹೋಗಿತ್ತು, ಮಾತು ತೊದಲುತ್ತಿತ್ತು. ಆದರೆ ಮನುಷ್ಯ ನೆಟ್ಟಗೆ ನಿಂತು ಹುಟ್ಟು ಹಾಕುತ್ತಿದ್ದ. ಡಾಕ್ಟರನ್ನು ನೋಡಿ ಕೈ ಮುಗಿದ. ನನಗೆ ಕೂರಲು ಆಗಲಿಲ್ಲ.

ದೊಡ್ಡಮ್ಮ ಬಾಯಿ ತೆರೆದಳು, ಮೊದಲಿನಷ್ಟು ಅಗಲಕ್ಕೆ ತೆರೆಯಲಿಲ್ಲ. ಡಾಕ್ಟರು ನೂಲು ಇಟ್ಟರು, ತೆಗೆದು ನೋಡಿದರು, ಮತ್ತೆ ಇಟ್ಟರು. ಪುಸ್ತಕದಲ್ಲಿದ್ದ ನೂಲಿಗಿಂತ ಇದು ಎರಡರಷ್ಟಿತ್ತು. ಅವರು ಅಂಗಳಕ್ಕೆ ಬಂದು ಮೆಟ್ಟಿಲ ಮೇಲೆ ಕೂತರು. "ಹದಿನೈದು ದಿನದಲ್ಲಿ ಇಷ್ಟು? ಇಂಥ ವೇಗ ನಾನು ಎಲ್ಲೂ ಕಂಡಿಲ್ಲ" ಎಂದರು. ಮುಖದಲ್ಲಿ ಗಾಬರಿಯ ಜೊತೆಗೆ ಇನ್ನೊಂದು ಏನೋ ಇತ್ತು. ಹೊಸತು ಕಂಡವರ ಉತ್ಸಾಹ. ಆಮೇಲೆ ಆ ಉತ್ಸಾಹ ಇಳಿಯಿತು. ನನ್ನನ್ನು ನೋಡಿದರು.

"ಸಿಸ್ಟರ್, ಕೈ ಕೊಡಿ."

ನನ್ನ ಮಣಿಕಟ್ಟು ಹಿಡಿದು ಕೇಳಿದರು, "ಆಟಿಯಿಂದ ಈಚೆಗಿನ ನೂಲುಗಳನ್ನೆಲ್ಲ ನೀವೇ ಅಳೆದದ್ದಾ?"

"ಹೌದು."

"ಅಳೆದಷ್ಟನ್ನೇ ತಂದದ್ದಾ?"

ನಾನು ಬಾಯಿ ತೆರೆಯುವ ಅಗತ್ಯವೇ ಇರಲಿಲ್ಲ, ನಾಡಿಯೇ ಹೇಳಿಬಿಟ್ಟಿತ್ತು. ಹದಿನೆಂಟು ವರ್ಷ ಹೆದರಿದ ಹೃದಯಗಳನ್ನು ಎಣಿಸಿದ ಬೆರಳುಗಳು ಅವು. ಕೈ ಬಿಟ್ಟರು. ನಾನು ಅಲ್ಲೇ, ಕೋಳಿಗಳು ಕಾಲ ಬಳಿ ಓಡಾಡುತ್ತಿದ್ದಂತೆ, ಎಲ್ಲ ಹೇಳಿದೆ. ಅಕ್ಕಿಕಾಳು, ಬೀಗ, ಮರಣದ ಮನೆ, ದೇರಣ್ಣ, ಎಲ್ಲ. ಅವರು ನೂಲಿನ ಉಂಡೆಯನ್ನು ಅಂಗಳಕ್ಕೆ ಎಸೆದರು. ಅವರಿಗೆ ಸಿಟ್ಟು ಬಂದದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಆ ತಲೆಬರಹ ಇಲ್ಲದ ಮನೆ ಯಾವುದು ಗೊತ್ತೇ? ಕಳಿಸಿದ ತಾರೀಕು. ಎರಡು ಸಲ ಬೆಳೆದರೆ ಕಳಿಸುವುದು, ಅದು ನನ್ನ ನಿಯಮ. ಬೇಕೆಂದೇ ಬರೆಯಲಿಲ್ಲ. ಬರೆದರೆ ನೀವು ಓದುತ್ತೀರಿ, ಊರಿಗೆ ಹೇಳುತ್ತೀರಿ, ಕತ್ತಿಗೆ ಹೆದರಿ ಇವರು ಹುಣ್ಣು ಮುಚ್ಚಿಡುತ್ತಾರೆ ಎಂದು ನನಗೆ ಸಂಶಯ."

ಅವರೂ ನಮ್ಮನ್ನು ನಂಬಿರಲಿಲ್ಲ ಎಂಬುದು ಆಗ ಗೊತ್ತಾಯಿತು. ಒಂದು ಕ್ಷಣ ಅದರಲ್ಲೇ ನೆಪ ಹುಡುಕಿದೆ, ನೀವು ಹೇಳಬೇಕಿತ್ತು ಎಂದು ಕೂಗಲೂ ಹೊರಟೆ. ಆದರೆ ಕತ್ತರಿ ಹಿಡಿದದ್ದು ನನ್ನ ಕೈ.

ಇನ್ನೂ ಸ್ವಲ್ಪ ಅವಕಾಶ ಇದೆ, ದವಡೆ ಪೂರ್ತಿ ಕಟ್ಟಿ ಬಾಯಿ ತೆರೆಯದಂತಾಗುವ ಮೊದಲು ಹೋಗಬೇಕು ಎಂದರು. ನಾನು ಒಳಗೆ ಓಡಿ ದೊಡ್ಡಮ್ಮನ ಕಾಲ ಬಳಿ ಕೂತು ಹೇಳಿದೆ. ಅವಳು ನನ್ನ ಮಾತು ಪೂರ್ತಿ ಕೇಳಿದಳು.

"ಅವರನ್ನು ನಂಬುದು ಬೇಡ ಅಂತ ಹೇಳಿದ್ದು ನೀನೇ ಅಲ್ವಾ?"

"ನನಗೆ ತಪ್ಪಾಯ್ತು ದೊಡ್ಡಮ್ಮ. ದೇರಣ್ಣ ಬದುಕಿ ಬಂದಿದ್ದಾನೆ, ಕಡವಿನಲ್ಲಿ ಹೋಗಿ ನೋಡು."

"ನಿನ್ನೆಯೇ ನೋಡಿದೆ. ಅದು ದೇರಣ್ಣನಾ? ಯಾರನ್ನೋ ತಂದು ನಿಲ್ಲಿಸಿದ ಹಾಗೆ ಉಂಟು." ಆಮೇಲೆ ನನ್ನ ಗಲ್ಲ ಹಿಡಿದು ಮುಖ ಎತ್ತಿ ಕಣ್ಣು ನೋಡಿದಳು. "ಒಂದು ತಿಂಗಳ ಹಿಂದೆ ನೀನು ಹೀಗೆ ಮಾತಾಡ್ತಿರ್ಲಿಲ್ಲ. ಅವರು ನಿನಗೆ ಎಂತ ತಿನ್ಲಿಕ್ಕೆ ಕೊಟ್ಟದ್ದು?"

"ಬಿಸ್ಕೂಟು" ಎಂದೆ, ಯೋಚನೆಯೇ ಇಲ್ಲದೆ.

ಅಷ್ಟು ಸಾಕಾಯಿತು. ತಿನ್ನುವುದರಲ್ಲಿ ಏನೋ ಬೆರೆಸಿ ಮನಸ್ಸನ್ನು ತಮ್ಮ ಕಡೆಗೆ ತಿರುಗಿಸಿಕೊಳ್ಳುವುದಕ್ಕೆ ನಮ್ಮ ಕಡೆ ಕೈವಿಷ ಎನ್ನುತ್ತಾರೆ. ನನಗೆ ಕೈವಿಷ ಹಾಕಿದ್ದಾರೆ ಎಂದು ದೊಡ್ಡಮ್ಮ ತೀರ್ಮಾನ ಮಾಡಿದಳು. ತನ್ನ ಕೆನ್ನೆಯ ಚಿಂತೆ ಅವಳಿಗೆ ಹೋಗಿಯೇಬಿಟ್ಟಿತು. ನಾನು ಅತ್ತೆ, ಬೈದೆ, ಊಟ ಬಿಟ್ಟೆ. ಮಾಡಿದ್ದೆಲ್ಲ ಕೈವಿಷದ ಗುರುತೇ ಆಯಿತು. ಹಾಗೆಯೇ ಹದಿನೇಳು ದಿನ ಕಳೆದವು. ಕೊನೆಗೆ ನಾನೇ ಒಂದು ಮಾತಿಗೆ ಬಂದೆ: ಕೈವಿಷ ತೆಗೆಯುವವರ ಹತ್ತಿರ ಹೋಗಿ ಮದ್ದು ಕುಡಿಯುತ್ತೇನೆ, ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೆ ನೀನು ಮಂಗಳೂರಿಗೆ ಬರಬೇಕು. "ಆಯ್ತು" ಎಂದಳು.

ಕೈವಿಷ ತೆಗೆಯುವ ಪಂಡಿತರು ಇದ್ದದ್ದು ಜಾಲ್ಸೂರಿನಿಂದ ಒಳಗೆ. ಎರಡು ಬಸ್ಸು ಹಿಡಿದು ಹೋದೆವು. ದೊಡ್ಡಮ್ಮ ಕೆನ್ನೆಗೆ ಬಟ್ಟೆ ಕಟ್ಟಿಕೊಂಡಿದ್ದಳು, ದಾರಿಯುದ್ದಕ್ಕೂ ನನ್ನ ಸೊಂಟ ಹಿಡಿದು ಕೂತಿದ್ದಳು, ಕಾಯಿಲೆಯವಳು ನಾನು ಎಂಬಂತೆ. ಆ ರಾತ್ರಿ ಪಂಡಿತರ ಜಗಲಿಯಲ್ಲೇ ಮಲಗಿದೆವು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ ಹಸಿರು ಕಷಾಯ ಕೊಟ್ಟರು. ಕರುಳೇ ಹೊರಗೆ ಬರುವ ಹಾಗೆ ಕಕ್ಕಿದೆ. ದೊಡ್ಡಮ್ಮ ನನ್ನ ಹಣೆ ಹಿಡಿದು ನಿಂತಿದ್ದಳು. ನನ್ನ ಆಸೆಯೆಲ್ಲ ಆ ಪಂಡಿತರ ಬಾಯಿಯ ಮೇಲಿತ್ತು. ಇವರೂ ದುಡ್ಡಿಗಾಗಿ ನಾಲ್ಕು ಸಲ ಬರಲು ಹೇಳುವ ಆಸಾಮಿಯೇ ಇರಬಹುದು ಎಂದು ಹೆದರಿದ್ದೆ.

ಅವರು ಕೋಲಿನಿಂದ ಕೆದಕಿ ನೋಡಿದರು. "ಎಂತದ್ದೂ ಇಲ್ಲ ಅಮ್ಮಾ. ಬರೇ ಪಿತ್ತ. ಇವಳಿಗೆ ಯಾರೂ ಎಂತ ಹಾಕಿದ್ದೂ ಇಲ್ಲ" ಎಂದರು.

ದೊಡ್ಡಮ್ಮ ಜಗಲಿಯಲ್ಲಿ ಕೂತಳು. ನಾನು ಬಾಯಿ ತೊಳೆದು ಬಂದು ಅವಳ ಪಕ್ಕ ನಿಂತೆ. ಈಗಲಾದರೂ ನಂಬುತ್ತಾಳಲ್ಲ ಎಂದು ನನಗೆ ಒಳಗೊಳಗೇ ಸಂತೋಷ.

"ಹಾಗಾದ್ರೆ ನೀನು ಹೇಳಿದ್ದೆಲ್ಲ ನಿಜ," ಎಂದಳು ನಿಧಾನಕ್ಕೆ. "ಬೆಳೆಯುದು ಗೊತ್ತಿದ್ದೂ ಕತ್ತರಿಸಿದ್ದು ನೀನೇ."

ಆ ದಿನವೇ ಜಾಲ್ಸೂರಿನಿಂದ ಮಂಗಳೂರಿಗೆ ಹೋದೆವು. ಮನೆಗೆ ಕೂಡ ಬರಲಿಲ್ಲ. ದವಡೆ ತೆಗೆದರು, ಕುತ್ತಿಗೆಗೆ ಹೋದ ಗಂಟುಗಳನ್ನೂ ತೆಗೆದರು. ಒಂದು ತಿಂಗಳು ಮೊದಲು ಬಂದಿದ್ದರೆ ಕುತ್ತಿಗೆಯ ಮಾತೇ ಇರುತ್ತಿರಲಿಲ್ಲ ಎಂದರು ಅಲ್ಲಿಯವರು. ನಮ್ಮ ಡಾಕ್ಟರು ಮುಂದಿನ ಬೇಸಿಗೆಗೆ ಮದ್ರಾಸಿಗೆ ಹೋದರು. ಎರಡು ವರ್ಷದ ಮೇಲೆ ಅವರ ಲೇಖನದ ಪ್ರತಿ ನನಗೆ ಅಂಚೆಯಲ್ಲಿ ಬಂತು. ಹೊಳೆಯಾಚೆಯ ಏಳು ಮಂದಿಯಲ್ಲಿ ಆರೇ ನಂಬರುಗಳಿದ್ದವು, ಆ ಆರಕ್ಕೂ ನಾನು ಕತ್ತರಿಸಿದ ಒಂದೊಂದು ಅಕ್ಕಿಕಾಳನ್ನು ಮತ್ತೆ ಕೂಡಿಸಿದ್ದರು. ಆರನೆಯದನ್ನು ಬಿಟ್ಟ ಕಾರಣ ಕೆಳಗೆ ಸಣ್ಣ ಅಕ್ಷರದಲ್ಲಿತ್ತು, ಅಳತೆ ವಿಶ್ವಾಸಕ್ಕೆ ಯೋಗ್ಯವಲ್ಲ ಎಂದು. ಯಾರು ಅಳೆದದ್ದೆಂದು ಅವರು ಬರೆದಿರಲಿಲ್ಲ. ಆ ದೊಡ್ಡತನಕ್ಕೆ ನಾನು ಇವತ್ತಿಗೂ ಕೃತಜ್ಞಳು, ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ.

ಆ ಲೇಖನ ಬಂದಾಗ ದೊಡ್ಡಮ್ಮ ಇರಲಿಲ್ಲ. ಆಪರೇಷನ್ ಆದ ಮೇಲೆ ಅವಳು ಹದಿನಾಲ್ಕು ತಿಂಗಳು ಬದುಕಿದಳು. ನಾನು ಸಂಬಳವಿಲ್ಲದ ರಜೆ ಹಾಕಿ ಅವಳ ಜೊತೆಗೇ ಇದ್ದೆ. ಅಗಿಯಲು ಆಗುತ್ತಿರಲಿಲ್ಲ, ದಿನಕ್ಕೆ ಮೂರು ಹೊತ್ತು ಗಂಜಿ ತೆಳ್ಳಗೆ ಮಾಡಿ ಚಮಚದಲ್ಲಿ ಕುಡಿಸುತ್ತಿದ್ದೆ. ಅವಳು ಒಂದು ದಿನವೂ ಬೈಯಲಿಲ್ಲ, ಆ ಮಳೆಗಾಲದ ಮಾತನ್ನು ಎತ್ತಲಿಲ್ಲ, ತಲೆ ಬಾಚಿ ಜಡೆ ಹಾಕುತ್ತೇನೆ ಎಂದರೆ ಮೊದಲಿನಂತೆಯೇ ನನ್ನ ಮಡಿಲಿಗೆ ಒರಗುತ್ತಿದ್ದಳು. ಆದರೆ ಪ್ರತಿ ಹೊತ್ತೂ, ಮೊದಲ ಚಮಚ ತುಟಿಯ ಹತ್ತಿರ ಹೋದಾಗ, ನುಂಗುವ ಮೊದಲು ಒಂದು ಸಲ ಕಣ್ಣೆತ್ತಿ ನನ್ನ ಮುಖ ನೋಡುತ್ತಿದ್ದಳು.